ಕೈಗೆ ಸಿಕ್ಕ ಕಾಳು, ಹೊಲದ ಪಲ್ಯ, ಒಂದೇ ಗಡಿಗೆ

ಎಳ್ಳ ಅಮಾವಾಸ್ಯೆಯ ಹಿಂದಿನ ಸಂಜೆ ಅಫಜಲಪುರ ತಾಲ್ಲೂಕಿನ ಕರಜಗಿ ಸೀಮೆಯ ಮನೆಗಳಲ್ಲಿ ಎಲ್ಲರ ಕೈಗೂ ಕೆಲಸ. ಪಡಸಾಲೆಯಲ್ಲಿ ಗೋಣಿತಟ್ಟು ಹಾಸಿ ಹಸಿ ತೊಗರಿಕಾಯಿ ಸುರಿದರೆ ಮಕ್ಕಳು, ಮುದುಕರೆಲ್ಲ ಸುತ್ತ ಕೂತು ಸುಲಿಯುತ್ತಾರೆ. ಒಂದು ಬುಟ್ಟಿಯಲ್ಲಿ ಅವರಿಕಾಯಿ, ಇನ್ನೊಂದರಲ್ಲಿ ವಟಾಣಿ, ಪಕ್ಕದಲ್ಲಿ ಬೇರುಸಹಿತ ಕಿತ್ತು ತಂದ ಹಸಿ ಕಡಲೆ ಗಿಡದ ಹೊರೆ. ಒಳಮನೆಯಲ್ಲಿ ಮೆಂತ್ಯ, ಪಾಲಕ, ರಾಜಗಿರಿ ಪಲ್ಯ ಸೋಸಿ ಇಡುತ್ತಾರೆ. ಗಜ್ಜರಿ, ಬದನೆಕಾಯಿ, ಹಸಿ ಉಳ್ಳಾಗಡ್ಡಿ, ಶೇಂಗಾ, ಒಂದು ಹಿಡಿ ಬಾರಿಹಣ್ಣು ಕೂಡುತ್ತವೆ. ಮರುದಿನ ಬೆಳಕು ಹರಿಯುವ ಹೊತ್ತಿಗೆ ಇವೆಲ್ಲ ಒಂದೇ ಗಡಿಗೆಯಲ್ಲಿ ಬೆಂದು ಭಜ್ಜಿಯಾಗಿರುತ್ತವೆ.

ಬೆಂಗಳೂರು, ಮೈಸೂರಿನ ಓದುಗರಿಗೆ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ನೆನಪಾಗಬಹುದು. ಕಲಬುರಗಿ, ಬೀದರ ಸೀಮೆಯ ಎಳ್ಳ ಅಮಾವಾಸ್ಯೆಯ ಭಜ್ಜಿಗೆ ಕರಿಯುವ ಕೆಲಸವೇ ಇಲ್ಲ. ಹಸಿ ಕಾಳು, ಕಾಯಿ, ತಪ್ಪಲು ಪಲ್ಯಗಳನ್ನು ನೀರಿನಲ್ಲಿ ಬೇಯಿಸಿ, ಹುಣಸೆಹುಳಿಯಲ್ಲಿ ಕಲಸಿದ ಕಡಲೆಹಿಟ್ಟು ಹಾಕಿ ಗಟ್ಟಿ ಮಾಡಿದ ಅಡುಗೆ ಇದು. ಸಾರಿಗಿಂತ ಮಂದ, ಪಲ್ಯಕ್ಕಿಂತ ತೆಳು. ಸಜ್ಜೆ ರೊಟ್ಟಿ ಮುರಿದು ಅದ್ದಿಕೊಂಡು ತಿನ್ನಬಹುದು, ಬಟ್ಟಲಿಗೆ ಹಾಕಿಕೊಂಡು ಕುಡಿಯಲೂಬಹುದು. ಮನೆಯಲ್ಲಿ ಇದ್ದ ಕಾಳು, ಕಾಯಿಪಲ್ಯದಲ್ಲೇ ಹೊಟ್ಟೆ ತುಂಬುವ ಅಡುಗೆ ಹೇಗೆ ಮಾಡಬೇಕು ಎಂಬುದಕ್ಕೆ ಕನ್ನಡನಾಡಿನಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ವರ್ಷಕ್ಕೊಮ್ಮೆ ಮಾತ್ರ ಈ ಪಾಠ ಒಪ್ಪಿಸಿ ಮರೆಯುತ್ತಿದ್ದೇವೆ ಎನ್ನುವುದೇ ಬೇಸರದ ಸಂಗತಿ.

ಚರಗದ ದಿನ

ಮಾರ್ಗಶಿರ ಮಾಸದ ಅಮಾವಾಸ್ಯೆಯೇ ಎಳ್ಳ ಅಮಾವಾಸ್ಯೆ. ಡಿಸೆಂಬರ್ ಕೊನೆಯಲ್ಲಿ ಇಲ್ಲವೇ ಜನವರಿ ಮೊದಲಲ್ಲಿ ಬರುತ್ತದೆ. ಆ ಹೊತ್ತಿಗೆ ಮುಂಗಾರಿನಲ್ಲಿ ಬಿತ್ತಿದ ತೊಗರಿಯಲ್ಲಿ ಕಾಯಿ ತುಂಬಿರುತ್ತದೆ. ಹಿಂಗಾರಿನ ಬಿಳಿಜೋಳ ಎದೆಯೆತ್ತರಕ್ಕೆ ಬಂದಿರುತ್ತದೆ, ಕಡಲೆ ಹೂ ಬಿಟ್ಟು ಕಾಯಿ ಕಟ್ಟುತ್ತಿರುತ್ತದೆ. ಗರ್ಭ ಕಟ್ಟಿದ ಭೂತಾಯಿಗೆ ಬಯಕೆಯ ಊಟ ಉಣಿಸುವ ದಿನವೆಂದು ರೈತರು ಇದನ್ನು ಆಚರಿಸುತ್ತಾರೆ. ಭಜ್ಜಿ, ಸಜ್ಜೆ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗೆ, ಶೇಂಗಾ ಹಿಂಡಿ, ಅಂಬಲಿ ಎಲ್ಲವನ್ನೂ ಬುಟ್ಟಿಯಲ್ಲಿ ತುಂಬಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸಿ, ತಂದ ಅಡುಗೆಯನ್ನು ಬೆಳೆಯ ಮೇಲೆ ಚೆಲ್ಲುತ್ತಾ ಹೊಲ ಸುತ್ತುತ್ತಾರೆ. ಅದೇ ಚರಗ. ಆಮೇಲೆ ಸಾಲಾಗಿ ಕೂತು ಊಟ. ಹೊಲ ಇಲ್ಲದ ನೆರೆಯವರನ್ನೂ, ಪ್ಯಾಟಿಯಿಂದ ಬಂದ ಬೀಗರನ್ನೂ ಕರೆದು ಉಣಿಸುವುದು ರೂಢಿ.

ಈ ಊಟಕ್ಕೆ ರಾಜ್ಯದ ಗಡಿ ಗೊತ್ತಿಲ್ಲ. ಮಹಾರಾಷ್ಟ್ರದ ಲಾತೂರು, ಧಾರಾಶಿವ ಜಿಲ್ಲೆಗಳಲ್ಲಿ ಅದೇ ಅಮಾವಾಸ್ಯೆಯಂದು ರೈತರು ಹೊಲಕ್ಕೆ ಹೋಗಿ ಭಜ್ಜಿ, ಅಂಬೀಲ ಉಣ್ಣುತ್ತಾರೆ. ಅಲ್ಲಿಯೂ ಹೊಲದಲ್ಲಿ ಜೋಳದ ದಂಟಿನ ಚಿಕ್ಕ ಗುಡಿಸಲು, ಅದರೊಳಗೆ ಪಾಂಡವರು. ಆಶ್ಚರ್ಯಪಡುವಂಥದ್ದೇನೂ ಇಲ್ಲ. 1948ರ ಸೆಪ್ಟೆಂಬರ್ 17ರವರೆಗೆ ಬೀದರ, ಗುಲ್ಬರ್ಗಾ, ಉಸ್ಮಾನಾಬಾದ್ (ಈಗಿನ ಧಾರಾಶಿವ) ಎಲ್ಲವೂ ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲೇ ಇದ್ದವು. 1956ರ ನವೆಂಬರ್ 1ರಂದು ರಾಜ್ಯಗಳು ಭಾಷೆಯ ಮೇಲೆ ಮರುವಿಂಗಡಣೆಯಾದಾಗ ಗುಲ್ಬರ್ಗಾ, ಬೀದರ ಮೈಸೂರು ರಾಜ್ಯಕ್ಕೆ ಸೇರಿದವು, ಮರಾಠವಾಡ ಮುಂಬೈ ರಾಜ್ಯಕ್ಕೆ ಹೋಯಿತು. ಎರಡೂ ಕಡೆ ಅದೇ ಎರಿ ಭೂಮಿ, ಅದೇ ತೊಗರಿ, ಅದೇ ಜೋಳ. ಹೊಲ ಒಂದೇ ಆದ ಮೇಲೆ ಊಟವೂ ಒಂದೇ ಆಗಿ ಉಳಿಯಿತು.

ಹಂಗಾಮಿನ ಕಾಳು, ಕಾಯಿಗಳನ್ನೆಲ್ಲ ಒಂದೇ ಪಾತ್ರೆಗೆ ಹಾಕುವ ಬುದ್ಧಿ ಬೇರೆಡೆಯೂ ಇದೆ. ಸೂರತ್ತಿನ ಉಂಧಿಯೂ ಚಳಿಗಾಲದ ಅವರೆ, ಗೆಣಸು, ಬದನೆಗಳ ಅಡುಗೆ. ತಮಿಳುನಾಡಿನಲ್ಲಿ ಮಾರ್ಗಳಿ ತಿಂಗಳ ತಿರುವಾದಿರೈಗೆ ಏಳು ಬಗೆಯ ಕಾಯಿಗಳ ಕೂಟು ಮಾಡುತ್ತಾರೆ. ಇಟಲಿಯ ಮಿನೆಸ್ತ್ರೋನೆಗೆ ಹೀಗೇ ಎಂಬ ಪಾಕವಿಧಾನವಿಲ್ಲ, ಆ ದಿನ ತೋಟದಲ್ಲಿ ಸಿಕ್ಕ ಕಾಯಿ ಮತ್ತು ಮನೆಯ ಕಾಳೇ ಅದರ ಸಾಮಗ್ರಿ. ನಮ್ಮ ಹಳೇ ಮೈಸೂರು ಕಡೆ ಇದೇ ಚಳಿಯಲ್ಲಿ ಸೊಗಡವರೆಯ ಹಿತಕಿದಬೇಳೆ ಸಾರು. ಇವುಗಳ ನಡುವೆ ಭಜ್ಜಿಯ ವಿಶೇಷವೇನೆಂದರೆ, ತಪ್ಪಲು, ಕಾಯಿ, ಕಾಳು, ಹಣ್ಣು ಎಲ್ಲಕ್ಕೂ ಅದರಲ್ಲಿ ಜಾಗವಿದೆ. ರುಬ್ಬಿದ ತೆಂಗಿನಕಾಯಿ ಬೇಡ, ಮಸಾಲೆ ಪುಡಿ ಬೇಡ. ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಜೀರಿಗೆ ಕುಟ್ಟಿ ಹಾಕಿದರೆ ಸಾಕು.

ಯಾವುದು ಮೊದಲು, ಯಾವುದು ಕೊನೆಗೆ

ಕೈಗೆ ಸಿಕ್ಕಿದ್ದನ್ನೆಲ್ಲ ಹಾಕುವ ಅಡುಗೆ ಎಂದರೆ ಹೇಗೆ ಬೇಕಾದರೂ ಹಾಕುವ ಅಡುಗೆ ಎಂದಲ್ಲ. ಭಜ್ಜಿಯ ರುಚಿಯೆಲ್ಲ ಸರದಿಯಲ್ಲಿದೆ. ಒಲೆಯ ಮುಂದೆ ಕೂತ ಸೊಸೆಗೆ ಅತ್ತೆ ಹೇಳುವ ಮಾತು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು: “ಹುಣಸಿ ಹುಳಿ ಈಗೇ ಹಾಕಬ್ಯಾಡವಾ, ಕಾಳು ಕುದಿಯಂಗಿಲ್ಲ.” ಆ ಮಾತಿನ ಹಿಂದೆ ಗಟ್ಟಿಯಾದ ವಿಜ್ಞಾನವಿದೆ.

ಕಾಳು, ಕಾಯಿಗಳ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ವಸ್ತು ಪೆಕ್ಟಿನ್. ಬೇಯುವುದು ಎಂದರೆ ಬಿಸಿನೀರಿನಲ್ಲಿ ಈ ಪೆಕ್ಟಿನ್ ಕರಗಿ ಕೋಶಗಳು ಬಿಡಿಬಿಡಿಯಾಗುವುದು. ನೀರು ಹುಳಿಯಾಗಿದ್ದರೆ ಪೆಕ್ಟಿನ್ ಬೇಗ ಕರಗುವುದಿಲ್ಲ. ಹಾಗಾಗಿ ಹುಣಸೆಹುಳಿ, ಟೊಮೆಟೊ, ಪುಂಡಿಪಲ್ಯದಂಥ ಹುಳಿ ಪದಾರ್ಥಗಳನ್ನು ಮೊದಲೇ ಹಾಕಿದರೆ ಕಾಳು ಎಷ್ಟು ಹೊತ್ತು ಕುದಿಸಿದರೂ ಗಟ್ಟಿಯಾಗಿಯೇ ಉಳಿಯುತ್ತದೆ. ಕಾಳು ಬೆರಳಲ್ಲಿ ಹಿಚುಕಿದರೆ ನುಣ್ಣಗಾಗುವಷ್ಟು ಬೆಂದ ಮೇಲೆ ಹುಳಿ ಬಂದರೆ ತೊಂದರೆಯಿಲ್ಲ, ಆಗ ಅದು ಕಾಳು ಒಡೆದು ಗಂಜಿಯಾಗದಂತೆ ಕಾಯುತ್ತದೆ.

ಗಡಸು ನೀರಿನದೂ ಇದೇ ಕಥೆ. ಎರಿ ಭೂಮಿಯ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿದ್ದರೆ ಅವು ಪೆಕ್ಟಿನ್‌ಗೆ ಕೂಡಿಕೊಂಡು ಅದನ್ನು ಮತ್ತಷ್ಟು ಬಿಗಿ ಮಾಡುತ್ತವೆ. ಅದೇ ತೊಗರಿಬೇಳೆ ಒಂದು ಊರಲ್ಲಿ ಬೇಗ ಬೇಯುತ್ತದೆ, ಇನ್ನೊಂದು ಊರಲ್ಲಿ ಬೇಯುವುದೇ ಇಲ್ಲ ಎಂದು ಹೆಣ್ಣುಮಕ್ಕಳು ಹೇಳುವುದು ಇದಕ್ಕೇ. ಒಣಕಾಳು ನೆನೆಹಾಕುವ ನೀರಿಗೆ ಒಂದು ಚಮಚ ಉಪ್ಪು ಹಾಕಿದರೆ ಉಪ್ಪಿನ ಸೋಡಿಯಂ ಸಿಪ್ಪೆಯಲ್ಲಿರುವ ಕ್ಯಾಲ್ಸಿಯಂನ ಜಾಗ ಹಿಡಿಯುತ್ತದೆ, ಸಿಪ್ಪೆ ಮೆತ್ತಗಾಗುತ್ತದೆ. ಅಡುಗೆ ಸೋಡಾ ಹಾಕಿದರೆ ಇನ್ನೂ ಬೇಗ ಬೇಯುವುದು ನಿಜ, ಆದರೆ ಕಾಳಿನಲ್ಲಿರುವ ಬಿ1 ಜೀವಸತ್ವ ಅದರಿಂದ ನಾಶವಾಗುತ್ತದೆ, ರುಚಿಯೂ ಕೆಡುತ್ತದೆ. ಉಪ್ಪೇ ಸಾಕು.

ವರ್ಷಾನುಗಟ್ಟಲೆ ಡಬ್ಬಿಯಲ್ಲಿ ಕೂತ ಕಾಳು ಬೇಯುವುದಿಲ್ಲ ಎಂಬುದೂ ಅನುಭವದ ಮಾತು. ಸೆಕೆ, ತೇವದಲ್ಲಿ ಇಟ್ಟ ಕಾಳು ದಿನ ಕಳೆದಂತೆ ಒಳಗೇ ಬಿರುಸಾಗುತ್ತದೆ. ಕಾಳಿನ ಅಡುಗೆಯನ್ನು ವಾರಕ್ಕೊಮ್ಮೆ ಮಾಡುವ ಮನೆಯಲ್ಲಿ ಈ ಸಮಸ್ಯೆಯೇ ಬರುವುದಿಲ್ಲ, ಡಬ್ಬಿ ಆಗಾಗ ಖಾಲಿಯಾಗಿ ತುಂಬುತ್ತಿರುತ್ತದೆ.

ಹಸಿಕಾಳಿಗೆ ಇಷ್ಟೆಲ್ಲ ಉಪಚಾರ ಬೇಡ. ಬಲಿತರೂ ಒಣಗದ ತೊಗರಿ, ಅವರೆ, ವಟಾಣಿಗಳ ಸಿಪ್ಪೆ ಇನ್ನೂ ಎಳೆಯದು, ನೀರಿನಂಶ ತುಂಬಿದ್ದು. ಒಂದು ಕಾಲು ತಾಸಿನಲ್ಲಿ ಬೇಯುತ್ತದೆ. ಸಿಹಿ ಹೆಚ್ಚು, ಹೊಟ್ಟೆಯಲ್ಲಿ ವಾಯು ತರುವ ಸಕ್ಕರೆಗಳು ಒಣಕಾಳಿಗಿಂತ ಕಡಿಮೆ. ಭಜ್ಜಿ ಹಸಿಕಾಳಿನ ಹಂಗಾಮಿನಲ್ಲೇ ಹುಟ್ಟಿದ್ದು ಸುಮ್ಮನೆ ಅಲ್ಲ.

ಕೊನೆಯ ಹಂತ ಹಿಟ್ಟಿನದು. ಕುದಿಯುವ ಗಡಿಗೆಗೆ ಒಣ ಕಡಲೆಹಿಟ್ಟು ಉದುರಿಸಿದರೆ ಹಿಟ್ಟಿನ ಪ್ರತಿ ಮುದ್ದೆಯ ಹೊರಪದರ ಬೆಂದು ಒಳಗೆ ಹಸಿಹಿಟ್ಟಿನ ಗಂಟು ಉಳಿಯುತ್ತದೆ. ಅದಕ್ಕೇ ತಣ್ಣನೆಯ ಹುಣಸೆನೀರಿನಲ್ಲಿ ಹಿಟ್ಟನ್ನು ಗಂಟಿಲ್ಲದಂತೆ ಕಲಸಿ, ಒಂದು ಕೈಯಲ್ಲಿ ಸುರಿಯುತ್ತಾ ಇನ್ನೊಂದು ಕೈಯಲ್ಲಿ ತಿರುವುತ್ತಾರೆ. ಹಿಟ್ಟು ಬಿದ್ದ ಮೇಲೆ ತಳ ಹತ್ತುವ ಭಯ. ಉರಿ ಸಣ್ಣಗೆ ಮಾಡಿ, ಸೌಟು ತಳಕ್ಕೆ ಮುಟ್ಟುವಂತೆ ತಿರುವುತ್ತಾ ಹತ್ತು ನಿಮಿಷ ಕುದಿಸಬೇಕು. ಹಸಿಹಿಟ್ಟಿನ ವಾಸನೆ ಹೋಗಿ ಮೇಲೆ ಗುಳ್ಳೆ ನಿಧಾನವಾಗಿ ಒಡೆಯತೊಡಗಿದರೆ ಭಜ್ಜಿ ಆಯಿತು.

ವಾರದ ದಿನಕ್ಕೊಂದು ಗಡಿಗೆ

ಹಬ್ಬದ ಭಜ್ಜಿಗೆ ಇಪ್ಪತ್ತು ಬಗೆ ಸಾಮಾನು ಕೂಡಿಸುವ ಮನೆಗಳಿವೆ. ವಾರದ ದಿನಕ್ಕೆ ಅಷ್ಟು ಬೇಡ. ಎರಡು ಕಾಳು, ಎರಡು ಕಾಯಿ, ಒಂದು ತಪ್ಪಲು ಪಲ್ಯ ಇದ್ದರೆ ನಾಲ್ಕೈದು ಜನರ ಊಟಕ್ಕೆ ಸಾಕು.

ಹಸಿಕಾಳಾದರೆ ಎರಡು ಬಟ್ಟಲು, ಒಣಕಾಳಾದರೆ ಒಂದು ಬಟ್ಟಲು ತೆಗೆದುಕೊಳ್ಳಿ. ಮಡಿಕೆ, ಹೆಸರು, ಅಲಸಂದಿ, ಕಡಲೆ, ಒಣ ವಟಾಣಿ ಯಾವುದಾದರೂ ಆದೀತು. ಒಣಕಾಳನ್ನು ರಾತ್ರಿ ಉಪ್ಪುನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿ ಹೊಸ ನೀರಿನಲ್ಲಿ ಕುಕ್ಕರಿಗೆ ಹಾಕಿ ಬೇಯಿಸಿಟ್ಟುಕೊಳ್ಳಿ. ನೆನೆಸಿದ ನೀರು ಚೆಲ್ಲಿದರೆ ವಾಯು ತರುವ ಸಕ್ಕರೆಗಳು ಒಂದಷ್ಟು ಹೋಗುತ್ತವೆ. ಮನೆಯಲ್ಲಿ ರಾಜ್ಮಾ ಇದ್ದರೆ ಮಾತ್ರ ಎಚ್ಚರ ಬೇಕು. ಅದರಲ್ಲಿ ಸಹಜವಾಗಿಯೇ ಇರುವ ಒಂದು ವಿಷವಸ್ತು ಅರೆಬೆಂದ ಕಾಳಿನಲ್ಲಿ ಉಳಿದು ವಾಂತಿ, ಭೇದಿ ತರುತ್ತದೆ. ನೆನೆಸಿದ ನೀರು ಚೆಲ್ಲಿ, ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಿದ ಮೇಲೇ, ಇಲ್ಲವೇ ಕುಕ್ಕರಿನಲ್ಲಿ ಪೂರ್ತಿ ಬೇಯಿಸಿದ ಮೇಲೇ ಅದನ್ನು ಬಳಸಬೇಕು.

ದಪ್ಪ ತಳದ ಪಾತ್ರೆಯಲ್ಲಿ ಆರು ಬಟ್ಟಲು ನೀರು ಕುದಿಗೆ ಬಂದಾಗ ಒಂದು ಹಿಡಿ ಶೇಂಗಾ, ಹಸಿಕಾಳು ಮತ್ತು ಅರಿಶಿಣ ಹಾಕಿ. ಐದು ನಿಮಿಷದ ನಂತರ ಗಜ್ಜರಿ, ಚವಳಿಕಾಯಿಯಂಥ ಗಟ್ಟಿ ಕಾಯಿಗಳ ಹೋಳು, ಇನ್ನೈದು ನಿಮಿಷಕ್ಕೆ ಬದನೆ, ಹೀರೆಕಾಯಿಯಂಥ ಮೆತ್ತನೆಯವು. ಎರಡೂ ಸೇರಿ ಎರಡು ಬಟ್ಟಲಾದರೆ ಸಾಕು. ಬೇಯಿಸಿಟ್ಟ ಒಣಕಾಳು ಈಗ ಸೇರಬೇಕು. ಆರೇಳು ಹಸಿಮೆಣಸಿನಕಾಯಿ, ಹತ್ತು ಎಸಳು ಬಳ್ಳೊಳ್ಳಿ, ಒಂದು ಚಮಚ ಜೀರಿಗೆಯನ್ನು ತರಿತರಿಯಾಗಿ ಕುಟ್ಟಿ ಹಾಕಿ, ಉಪ್ಪು ಹಾಕಿ. ಹೆಚ್ಚಿದ ಮೆಂತ್ಯ, ಪಾಲಕ, ಉಳ್ಳಾಗಡ್ಡಿ ತಪ್ಪಲು ಕೊನೆಗೆ. ಹೆಚ್ಚು ಬೆಂದರೆ ಅವುಗಳ ಹಸಿರು ಬಣ್ಣ ಕಪ್ಪಾಗುತ್ತದೆ, ಸಿ ಜೀವಸತ್ವವೂ ಹೋಗುತ್ತದೆ. ಪಲ್ಯ ಬಾಡಿದ ಕೂಡಲೇ ನಿಂಬೆಹಣ್ಣಿನ ಗಾತ್ರದ ಹುಣಸೆಯ ರಸದಲ್ಲಿ ಕಲಸಿದ ನಾಲ್ಕು ಚಮಚ ಕಡಲೆಹಿಟ್ಟನ್ನು ತಿರುವುತ್ತಾ ಸುರಿದು ಹತ್ತು ನಿಮಿಷ ಸಣ್ಣ ಉರಿಯಲ್ಲಿಡಿ. ಸಾಸಿವೆ, ಜೀರಿಗೆ, ಜಜ್ಜಿದ ಬಳ್ಳೊಳ್ಳಿಯ ಒಗ್ಗರಣೆ ಮೇಲೆ ಬಿದ್ದರೆ ಮುಗಿಯಿತು. ಸಜ್ಜೆ ರೊಟ್ಟಿ ಇಲ್ಲದಿದ್ದರೆ ಜೋಳದ ರೊಟ್ಟಿಯೇ ಸರಿ, ಅನ್ನಕ್ಕೂ ಹೊಂದುತ್ತದೆ.

ಇದರಲ್ಲಿ ಏನು ಬೇಕಾದರೂ ಬದಲಿಸಬಹುದು, ಸರದಿ ಮಾತ್ರ ಬದಲಿಸಬಾರದು. ಗಟ್ಟಿ ಮೊದಲು, ಮೆತ್ತಗಿನದು ಆಮೇಲೆ, ತಪ್ಪಲು ಅದರ ನಂತರ, ಹುಳಿ ಮತ್ತು ಹಿಟ್ಟು ಕಟ್ಟಕಡೆಗೆ. ಇಷ್ಟು ನೆನಪಿಟ್ಟರೆ ಪಾಕವಿಧಾನದ ಪುಸ್ತಕ ಬೇಕಿಲ್ಲ. ಕರಜಗಿಯಲ್ಲಿರುವವರೂ ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಓದುವ ಹುಡುಗರೂ ಇದನ್ನು ಒಂದೇ ಒಲೆಯ ಮೇಲೆ ಮಾಡಿಕೊಳ್ಳಬಹುದು.

ಈ ಬಟ್ಟಲಿನ ಪೌಷ್ಟಿಕತೆಯ ಲೆಕ್ಕವೂ ಸರಳ. ಜೋಳ, ಸಜ್ಜೆಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ತೊಗರಿ, ಅವರೆ, ಕಡಲೆಗಳಲ್ಲಿ ಅದು ಧಾರಾಳ. ಕಾಳಿನಲ್ಲಿ ಕೊರತೆಯಿರುವ ಮೆಥಿಯೋನಿನ್ ಧಾನ್ಯದಿಂದ ಸಿಗುತ್ತದೆ. ರೊಟ್ಟಿ ಮತ್ತು ಕಾಳು ಒಟ್ಟಿಗೆ ಉಂಡರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ದಿನಕ್ಕೆ ಕನಿಷ್ಠ 400 ಗ್ರಾಂ ತರಕಾರಿ, ಹಣ್ಣು ತಿನ್ನಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅನ್ನ, ಸಾರು, ಉಪ್ಪಿನಕಾಯಿಯ ಊಟದಲ್ಲಿ ಅಷ್ಟು ಮುಟ್ಟುವುದು ಕಷ್ಟ. ಭಜ್ಜಿಯ ದೊಡ್ಡ ಬಟ್ಟಲು ಆ ದಾರಿಯಲ್ಲಿ ಬಹಳ ದೂರ ಕರೆದೊಯ್ಯುತ್ತದೆ.

ಗಡಿಗೆಯ ಹಿಂದೆ ಹೊಲ

ಭಜ್ಜಿಯಲ್ಲಿ ಇಷ್ಟೊಂದು ಬಗೆ ಕೂಡುವುದಕ್ಕೆ ಕಾರಣ, ಅದನ್ನು ಕಟ್ಟಿದ ಹೊಲದಲ್ಲೇ ಅಷ್ಟು ಬಗೆ ಇದ್ದದ್ದು. ಸಜ್ಜೆಯ ಸಾಲಿನ ನಡುವೆ ತೊಗರಿ, ತೊಗರಿಯ ಸಾಲಿನ ನಡುವೆ ಹೆಸರು, ಬಿಳಿಜೋಳದ ಹೊಲದ ಅಂಚಿಗೆ ಕುಸುಬಿ. ಮುಳ್ಳಿನ ಕುಸುಬಿ ಇದ್ದರೆ ದನ ಒಳಗೆ ನುಗ್ಗುವುದಿಲ್ಲ, ಎಳೆಯದಾಗಿದ್ದಾಗ ಅದರ ಎಲೆಯೇ ಪಲ್ಯ. ಕಡಲೆ ಗಿಡ ಗೇಣುದ್ದ ಬಂದಾಗ ಅದರ ಕುಡಿ ಚಿವುಟುತ್ತಾರೆ. ಚಿವುಟಿದಷ್ಟೂ ಗಿಡ ಕವಲೊಡೆದು ಹೆಚ್ಚು ಕಾಯಿ ಬಿಡುತ್ತದೆ, ಚಿವುಟಿದ ಕುಡಿ ಅಡುಗೆಮನೆಗೆ ಬರುತ್ತದೆ. ಆ ಎಲೆಯ ಸಣ್ಣ ರೋಮಗಳಲ್ಲಿ ಮ್ಯಾಲಿಕ್ ಆಮ್ಲ ಒಸರುತ್ತದೆ, ಕಡಲೆ ಪಲ್ಯದ ಹುಳಿ ಅದರಿಂದಲೇ. ಬೆಳಗಿನ ಇಬ್ಬನಿಯಲ್ಲಿ ಕಡಲೆ ಹೊಲ ದಾಟಿದರೆ ಕಾಲು ತುರಿಸುವುದೂ ಅದರಿಂದಲೇ. ಹೆಚ್ಚಾದ ಕುಡಿಯನ್ನು ಒಣಗಿಸಿಟ್ಟರೆ ಬೇಸಿಗೆಯಲ್ಲೂ ಪಲ್ಯಕ್ಕೆ ಬರುತ್ತದೆ. ದ್ವಿದಳ ಬೆಳೆಗಳ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಸೂಕ್ಷ್ಮಾಣು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತದೆ. ಜೋಳಕ್ಕೆ ಬೇಕಾದ ಗೊಬ್ಬರದ ಒಂದು ಪಾಲು ಹೊಲದಲ್ಲೇ ತಯಾರಾಗುತ್ತದೆ.

ಈಗ ಆ ಚಿತ್ರ ಬದಲಾಗುತ್ತಿದೆ. ಭೀಮಾ ನದಿಯ ನೀರು ಸಿಗುವಲ್ಲಿ ಕಬ್ಬು ಹರಡಿದೆ. ಹಾವಳಗಾದ ಸಕ್ಕರೆ ಕಾರ್ಖಾನೆ ಅಫಜಲಪುರ ತಾಲ್ಲೂಕಿನಲ್ಲೇ ಇದೆ. ನೀರಿಲ್ಲದ ಕಡೆ ಆಳಂದ, ಜೇವರ್ಗಿಯವರೆಗೂ ಎತ್ತ ನೋಡಿದರೂ ತೊಗರಿ ಒಂದೇ. ಆ ತೊಗರಿ ಹೆಮ್ಮೆಯ ಬೆಳೆಯೇ. 2019ರಲ್ಲಿ ಗುಲ್ಬರ್ಗಾ ತೊಗರಿಬೇಳೆಗೆ ಭೌಗೋಳಿಕ ಸೂಚಿಕೆ ಮಾನ್ಯತೆ ಸಿಕ್ಕಿತು. ಆದರೆ ಹೊಲದ ತುಂಬ, ವರ್ಷದ ಮೇಲೆ ವರ್ಷ ಒಂದೇ ಬೆಳೆ ಹಾಕಿದರೆ ಅದರ ರೋಗವೂ ಮಣ್ಣಿನಲ್ಲೇ ಮನೆ ಮಾಡುತ್ತದೆ. ನೆಟೆ ರೋಗದ ಶಿಲೀಂಧ್ರ ಬೆಳೆ ತೆಗೆದ ಮೇಲೂ ಕೂಳೆಗಳಲ್ಲಿ ವರ್ಷಗಟ್ಟಲೆ ಬದುಕುತ್ತದೆ. 2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಕಾಯಿ ಕಟ್ಟುವ ಹೊತ್ತಿಗೆ ನಿಂತಲ್ಲೇ ಒಣಗಿದ ತೊಗರಿಯನ್ನು ರೈತರು ಮರೆತಿಲ್ಲ. ಈ ರೋಗ ತಡೆಯುವ ತಳಿಗಳಿಗಾಗಿ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ದಶಕಗಳಿಂದ ದುಡಿದಿದ್ದಾರೆ. 1986ರಲ್ಲಿ ಬಿಡುಗಡೆಯಾದ ಮಾರುತಿ ತಳಿ ಆ ಶ್ರಮದ ಫಲ. ತಳಿಯ ಜೊತೆಗೆ ಬೆಳೆ ಬದಲಾವಣೆ, ಜೋಳದೊಂದಿಗೆ ಮಿಶ್ರಬೆಳೆ ಇದ್ದರೆ ರೋಗ ತಗ್ಗುತ್ತದೆ ಎಂಬುದೂ ಅವರದೇ ಪ್ರಯೋಗಗಳು ಹೇಳಿದ ಮಾತು. ಹಿರಿಯರ ಅಕ್ಕಡಿ ಸಾಲು ಅದನ್ನೇ ಮಾಡುತ್ತಿತ್ತು.

ಹೊಲದಲ್ಲಿ ಒಂದೇ ಬೆಳೆ ನಿಂತ ಮನೆಗಳಲ್ಲಿ ಎಳ್ಳ ಅಮಾವಾಸ್ಯೆಯ ಭಜ್ಜಿಗೆ ಅವರಿಕಾಯಿ, ಮೆಂತ್ಯ, ಕಡಲೆ ಗಿಡ ಎಲ್ಲವೂ ಪ್ಯಾಟಿಯಿಂದ ಬರುತ್ತವೆ. ಭೂತಾಯಿಗೆ ಅವಳ ಬೆಳೆಯನ್ನೇ ಉಣಿಸುವ ಹಬ್ಬಕ್ಕೆ ಸಂತೆಯಲ್ಲಿ ಕೊಂಡ ಕಾಯಿಪಲ್ಯ ಹೊತ್ತು ಹೊಲಕ್ಕೆ ಹೋಗುವಂತಾದರೆ ಹಬ್ಬ ಉಳಿಯುತ್ತದೆ, ಅದರ ಬೇರು ಉಳಿಯುವುದಿಲ್ಲ.

ಇದಕ್ಕೆ ಪರಿಹಾರ ಅಡುಗೆಮನೆಯಿಂದಲೂ ಶುರುವಾಗಬಹುದು. ಅಲಸಂದಿ, ಮಡಿಕೆ, ಅವರೆ ವಾರಕ್ಕೊಮ್ಮೆ ಬೇಯುವ ಮನೆಗಳು ಹೆಚ್ಚಾದರೆ ಆ ಕಾಳುಗಳಿಗೆ ಬೇಡಿಕೆ ಬರುತ್ತದೆ, ಬೇಡಿಕೆ ಇದ್ದರೆ ಬಿತ್ತುವವರು ಬರುತ್ತಾರೆ. ಬಿಸಿಯೂಟದ ಗಡಿಗೆಗೂ, ಅಂಗನವಾಡಿಯ ಒಲೆಗೂ ಇದಕ್ಕಿಂತ ಹೊಂದುವ ಅಡುಗೆ ಬೇರೆ ಬೇಕಿಲ್ಲ. ಅಗ್ಗ, ಒಂದೇ ಪಾತ್ರೆ, ಊರಿನದೇ ಸಾಮಾನು, ಮಕ್ಕಳಿಗೆ ಗೊತ್ತಿರುವ ರುಚಿ. ವಿಶ್ವಸಂಸ್ಥೆ 2016ನ್ನು ದ್ವಿದಳ ಧಾನ್ಯಗಳ ಅಂತರರಾಷ್ಟ್ರೀಯ ವರ್ಷವೆಂದು ಆಚರಿಸಿತು, 2019ರಿಂದ ಪ್ರತಿ ಫೆಬ್ರುವರಿ 10 ವಿಶ್ವ ದ್ವಿದಳ ಧಾನ್ಯ ದಿನ. ಆ ದಿನದ ಭಾಷಣದ ಜೊತೆಗೆ ಕಲಬುರಗಿಯ ಶಾಲೆಗಳಲ್ಲಿ ಒಂದೊಂದು ಗಡಿಗೆ ಭಜ್ಜಿ ಬೆಂದರೆ ದಿನಾಚರಣೆಗೆ ಅರ್ಥ ಬರುತ್ತದೆ.

ಓದುಗರಲ್ಲಿ ಕೇಳಿಕೊಳ್ಳುವುದು ಎರಡೇ. ಈ ವಾರ ಮನೆಯ ಡಬ್ಬಿಗಳನ್ನೊಮ್ಮೆ ತೆರೆದು ನೋಡಿ, ತಳದಲ್ಲಿ ಉಳಿದ ಕಾಳುಗಳನ್ನು ನೆನೆಹಾಕಿ, ಇದ್ದ ಕಾಯಿಪಲ್ಯ ಕೂಡಿಸಿ ಒಂದು ಗಡಿಗೆ ಭಜ್ಜಿ ಮಾಡಿ. ಹೊಲ ಇದ್ದವರು ಮುಂದಿನ ಮುಂಗಾರಿಗೆ ತೊಗರಿಯ ನಡುವೆ ನಾಲ್ಕು ಸಾಲು ಹೆಸರು, ಅಲಸಂದಿ ಬಿತ್ತಿ, ಬದುವಿಗೆ ಒಂದಿಷ್ಟು ಅವರೆ ಬೀಜ ಊರಿ. ಬರುವ ಎಳ್ಳ ಅಮಾವಾಸ್ಯೆಗೆ ಸಂತೆಗೆ ಹೋಗದೆಯೇ ನಿಮ್ಮ ಗಡಿಗೆ ತುಂಬಲಿ.